ಸೋರಿಕೆಯೆ, ಆವಿಯೆ?

ಬೇಸಗೆಯಲ್ಲಿ ಹಿತ್ತಲ ಕೊಳದ ನೀರು ದಿನದಿನಕ್ಕೆ ಇಳಿಯತೊಡಗಿದರೆ ನಾವು ಆಡುವ ಮೊದಲ ಮಾತು, ಕೊಳ ಸೋರುತ್ತಿದೆ ಎಂಬುದು. ಎರಡನೆಯ ಮಾತು, ಕಟ್ಟಿದವನ ಕೆಲಸ ಕೆಟ್ಟದ್ದೆಂಬುದು. ಎರಡನ್ನೂ ಆಡಿದವನು ನಾನು. ನಮ್ಮ ಪುಟ್ಟ ಕೊಳವನ್ನು ಕಟ್ಟಿದ ಗಾರೆಯಾತನನ್ನು ಕರೆಸಿ ನಾಲ್ಕು ಜನರೆದುರಿಗೆ ಗದರಿಸಿದೆ. ಆತ ವಾದಿಸಲಿಲ್ಲ. "ಮೇಷ್ಟ್ರೇ, ಒಂದು ಬಕೀಟು ಕೊಡಿ" ಎಂದ, ಅಷ್ಟೆ.

ಆತ ಮಾಡಿದ ಪರೀಕ್ಷೆಯನ್ನು ನೀವೂ ಮಾಡಬಹುದು. ಕೊಳದೊಳಗೆ ಕಲ್ಲುಗಳನ್ನು ಜೋಡಿಸಿ, ಸೋರದ ಬಕೀಟೊಂದನ್ನು ಅದರ ಅಂಚು ಮಾತ್ರ ನೀರಿನಿಂದ ಎರಡು ಬೆರಳು ಮೇಲಿರುವಂತೆ ನಿಲ್ಲಿಸಿ. ಕೊಳದ ನೀರನ್ನೇ ತುಂಬಿ, ಒಳಗಿನ ಮಟ್ಟವನ್ನೂ ಹೊರಗಿನ ಮಟ್ಟವನ್ನೂ ಸಮಮಾಡಿ, ಎರಡಕ್ಕೂ ಗುರುತು ಹಾಕಿ. ಒಂದು ಹಗಲು, ಒಂದು ರಾತ್ರಿ ಹಾಗೆಯೇ ಬಿಡಿ. ಮಳೆಯಿಲ್ಲದ ದಿನವಾಗಬೇಕು, ಕೊಳದಿಂದ ನೀರು ಮೊಗೆಯಬಾರದು, ಕೊಳಕ್ಕೆ ಸುರಿಯಲೂ ಬಾರದು.

ಬಿಸಿಲೂ ಗಾಳಿಯೂ ಎರಡಕ್ಕೂ ಸಮಾನ. ಆದುದರಿಂದ ಬಕೀಟಿನಲ್ಲಿ ಇಳಿದದ್ದು ಆವಿಯ ಪಾಲು. ಕೊಳದಲ್ಲಿ ಅದಕ್ಕೂ ಮೀರಿ ಇಳಿದದ್ದು ಸೋರಿಕೆಯ ಪಾಲು. ಒಂದು ಚದರ ಮೀಟರಿನ ಮೇಲೆ 1 ಮಿಲಿಮೀಟರು ಇಳಿದರೆ 1 ಲೀಟರು ಹೋಯಿತೆಂದು ಲೆಕ್ಕ. 3 ಮೀಟರು ಉದ್ದ, 2 ಮೀಟರು ಅಗಲದ ಕೊಳ ಬಕೀಟಿಗಿಂತ 5 ಮಿಲಿಮೀಟರು ಹೆಚ್ಚು ಇಳಿದರೆ, ದಿನಕ್ಕೆ 30 ಲೀಟರು ನೀರು ಮಣ್ಣುಪಾಲು! ಆದರೆ ಕೂದಲೆಳೆಯ ವ್ಯತ್ಯಾಸಕ್ಕೆ ತೀರ್ಪು ಕೊಡಬೇಡಿ. ತಾವರೆ, ನೈದಿಲೆ ಗಿಡಗಳೂ, ದಡದ ಹುಲ್ಲಿನ ಬೇರುಗಳೂ ನೀರನ್ನು ಹೀರುತ್ತವೆ. ಎರಡು ಮೂರು ದಿನ ಪರೀಕ್ಷಿಸುವುದೇ ಲೇಸು.

ಸೋರಿಕೆ ನಿಜವೆಂದಾದರೆ ಒಡನೆಯೇ ನೆಲವನ್ನು ಅಗೆಸಬೇಡಿ. ಹೊಸ ನೀರು ಬಿಡದೆ ಕಾಯಿರಿ. ಬಿರುಕು ಗೋಡೆಯಲ್ಲಿದ್ದರೆ ನೀರು ಅಲ್ಲಿಯವರೆಗೆ ಬೇಗಬೇಗನೆ ಇಳಿದು, ಆಮೇಲೆ ಆವಿಯಾಗುವಷ್ಟು ಮಾತ್ರ ಇಳಿಯುತ್ತದೆ. ಆ ಮಟ್ಟದ ಸುತ್ತಲೂ ಹುಡುಕಿ. ಎಲ್ಲಿಯೂ ನಿಧಾನವಾಗದಿದ್ದರೆ ತಳವನ್ನು ಸಂಶಯಿಸಿ. ಮೀನುಗಳಿದ್ದರೆ ಅವಕ್ಕೆ ಬೇಕಾದಷ್ಟು ನೀರು ಇಲ್ಲದಂತಾಗುವ ಮುನ್ನವೇ ಬೇರೆ ತೊಟ್ಟಿಗೆ ಸಾಗಿಸಿ. ಗಾಳಿಯಿಲ್ಲದ ಮುಂಜಾನೆ, ಸಂಶಯದ ಬಿರುಕಿನ ಬಳಿ ನೀರೊಳಗೆ ನಾಲ್ಕು ಹನಿ ಹಾಲು ಬಿಟ್ಟು ನೋಡಿ. ಬಿಳಿಯ ಎಳೆ ಗೋಡೆಯತ್ತ ಸೆಳೆದುಹೋದರೆ ಕಳ್ಳ ಸಿಕ್ಕಿದನೆಂದೇ ತಿಳಿಯಿರಿ.

ನಮ್ಮ ಕೊಳದಲ್ಲಿ ಕಳ್ಳನಿರಲಿಲ್ಲ. ಮರುದಿನ ಒಳಗೂ ಹೊರಗೂ ನೀರು ಸರಿಸಮನಾಗಿ ಇಳಿದಿತ್ತು. ಗಾರೆಯಾತನಲ್ಲಿ ತಪ್ಪೊಪ್ಪಿಕೊಂಡೆ. ಆದರೆ ಗದರಿಸುವಾಗ ನಾಲ್ಕು ಜನರಿದ್ದರು, ಒಪ್ಪಿಕೊಳ್ಳುವಾಗ ನಾವಿಬ್ಬರೇ. ಆ ಕೊರತೆಯನ್ನು ಇಂದು ನಿಮ್ಮೆಲ್ಲರೆದುರಿಗೆ ತುಂಬಿಕೊಂಡಿದ್ದೇನೆ.