ತಕ್ಕಡಿಯನ್ನು ಪರೀಕ್ಷಿಸುವ ಹಕ್ಕು

(ತಿಪಟೂರಿನ ಸಭೆಯೊಂದರಲ್ಲಿ ಮಾಡಿದ ಭಾಷಣದ ಸಾರಾಂಶ)



1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿದ 55 ಪ್ರತಿನಿಧಿಗಳು ಅಮೆರಿಕದ ಸಂವಿಧಾನವನ್ನು ರೂಪಿಸಿದರು. ಅಧಿಕಾರವೆಲ್ಲವೂ ಒಂದೇ ಕೈಯಲ್ಲಿ ಸೇರಿದರೆ ಅದು ದಬ್ಬಾಳಿಕೆಯಾಗುವುದೆಂಬುದು ಜೇಮ್ಸ್ ಮ್ಯಾಡಿಸನ್ ಮೊದಲಾದವರ ದೃಢ ನಂಬಿಕೆಯಾಗಿತ್ತು. ಗುಲಾಮಗಿರಿಯನ್ನು ಉಳಿಸಿಕೊಂಡದ್ದು ಅವರ ನ್ಯಾಯಪ್ರಜ್ಞೆಗೆ ಅಂಟಿದ ಕಳಂಕ. ಆದರೂ 1791ರ ಐದನೆಯ ತಿದ್ದುಪಡಿಯಲ್ಲಿ ಒಂದು ಅಮೂಲ್ಯ ತತ್ವವಿದೆ. 'ಡ್ಯೂ ಪ್ರಾಸೆಸ್', ಅಂದರೆ ನ್ಯಾಯೋಚಿತ ಕ್ರಮವಿಲ್ಲದೆ ಯಾರ ಜೀವ, ಸ್ವಾತಂತ್ರ್ಯ, ಆಸ್ತಿಯನ್ನೂ ಕಸಿಯಕೂಡದು.

ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿದ್ದವರು ಮಂಗಳೂರಿನಲ್ಲಿ ಜನಿಸಿದ ಬೆನಗಲ್ ನರಸಿಂಗ ರಾವ್. 1947ರ ಅಕ್ಟೋಬರ್‌ನಲ್ಲಿ ಅವರು ಸಿದ್ಧಪಡಿಸಿದ ಕರಡಿನಲ್ಲಿ ಈ ಪದವಿತ್ತು. ಬಳಿಕ ಅವರು ಅಮೆರಿಕಕ್ಕೆ ತೆರಳಿ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಭೇಟಿಯಾದರು. ಜನಪ್ರತಿನಿಧಿಗಳು ಮಾಡಿದ ಕಾನೂನನ್ನು ಕೆಲವೇ ನ್ಯಾಯಾಧೀಶರು ರದ್ದುಪಡಿಸುವುದು ಪ್ರಜಾಪ್ರಭುತ್ವಕ್ಕೆ ಒಪ್ಪದೆಂಬುದು ಫ್ರಾಂಕ್‌ಫರ್ಟರ್ ಅವರ ಅಭಿಪ್ರಾಯ. ಅದು ಹುರುಳಿಲ್ಲದ ಮಾತೇನಲ್ಲ. ಕಾರ್ಮಿಕರ ಹಿತದ ಕಾನೂನುಗಳನ್ನು ಅಲ್ಲಿನ ನ್ಯಾಯಾಲಯಗಳು ಇದೇ ಪದದ ಬಲದಿಂದ ತಳ್ಳಿಹಾಕಿದ್ದವು. ಕೊನೆಗೆ ಕರಡು ಸಮಿತಿಯು ಅದನ್ನು ಕೈಬಿಟ್ಟು, ಜಪಾನಿನ ಸಂವಿಧಾನದಿಂದ 'ಕಾನೂನು ಗೊತ್ತುಪಡಿಸಿದ ಕಾರ್ಯವಿಧಾನ' ಎಂಬ ಮಾತನ್ನು ತೆಗೆದುಕೊಂಡಿತು. ಅದೇ ಇಂದಿನ 21ನೆಯ ವಿಧಿ.

1948ರ ಡಿಸೆಂಬರ್‌ನ ಚರ್ಚೆಯಲ್ಲಿ ಕಾಜಿ ಸೈಯದ್ ಕರೀಮುದ್ದೀನ್, ಠಾಕೂರ್ ದಾಸ್ ಭಾರ್ಗವ ಮೊದಲಾದವರು ಹಳೆಯ ಪದವೇ ಬೇಕೆಂದು ವಾದಿಸಿದರು. ಕೊಬ್ಬರಿ ಕೊಳ್ಳುವವನೇ ತೂಗುತ್ತಾನೆ, ಅವನ ತಕ್ಕಡಿಯನ್ನು ಯಾರೂ ಪರೀಕ್ಷಿಸಬಾರದು ಎಂದರೆ ತಿಪಟೂರಿನ ರೈತ ಒಪ್ಪುವನೇ? ಸರಕಾರವೇ ಕಾನೂನು ಮಾಡಿ, ಅದರಂತೆ ತಾನೇ ಬಂಧಿಸುವಾಗಲೂ ಪ್ರಶ್ನೆ ಇದೇ. ಆದರೆ ಸಭೆ ಒಪ್ಪಲಿಲ್ಲ. ಈ ಕೊರತೆಯನ್ನು ಒಂದಿಷ್ಟಾದರೂ ತುಂಬಲು ಡಾ. ಅಂಬೇಡ್ಕರ್ 1949ರಲ್ಲಿ ಇಂದಿನ 22ನೆಯ ವಿಧಿಯನ್ನು ತಂದರು. ಬಂಧಿತನಿಗೆ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಮುನ್ನೆಚ್ಚರಿಕೆಯ ಬಂಧನದಲ್ಲಿ ಮಾತ್ರ ಈ ರಕ್ಷಣೆ ಪೂರ್ಣವಾಗಿ ದೊರೆಯದು.

ಇದರ ಬೆಲೆಯನ್ನು ದೇಶ ತುರ್ತುಪರಿಸ್ಥಿತಿಯಲ್ಲಿ ತೆತ್ತಿತು. 1975ರಲ್ಲಿ ಆರೆಸ್ಸೆಸ್ಸೂ ಜಮಾಅತೆ ಇಸ್ಲಾಮೀ ಹಿಂದ್ ಕೂಡ ನಿಷೇಧಕ್ಕೊಳಗಾದವು. ವಾಜಪೇಯಿ, ಅಡ್ವಾಣಿಯವರು ಬೆಂಗಳೂರಿನ ಜೈಲಿನಲ್ಲಿದ್ದರು. ಬಂಧಿತರು ನ್ಯಾಯಾಲಯದ ಬಾಗಿಲು ತಟ್ಟುವಂತಿಲ್ಲವೆಂದು 1976ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಐವರಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ, ಕಾರ್ಯವಿಧಾನವು ನ್ಯಾಯಯುತವಾಗಿರಲೇಬೇಕೆಂಬ ತೀರ್ಪು ಬಂದಿತು. ಕೈಬಿಟ್ಟ ಪದದ ಅರ್ಥ ಹೀಗೆ ಮರಳಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ, 2017ರಲ್ಲಿ, 1976ರ ತೀರ್ಪನ್ನೇ ತಳ್ಳಿಹಾಕಲಾಯಿತು.

ಆದರೂ ನೆಮ್ಮದಿಯಿಂದಿರುವ ಹಾಗಿಲ್ಲ. ಯುಎಪಿಎ ಕಾಯಿದೆಗೆ 2008ರಲ್ಲಿ ಸೇರಿಸಿದ ನಿಬಂಧನೆಯು ಜಾಮೀನನ್ನು ಅತ್ಯಂತ ಕಠಿಣಗೊಳಿಸಿದೆ. ಅಪರಾಧ ಸಾಬೀತಾಗದೆಯೇ ವರ್ಷಗಟ್ಟಲೆ ಸೆರೆಯಲ್ಲಿ ಕಳೆದವರಿದ್ದಾರೆ.

ವೈರಿಯೊಂದಿಗೂ ನ್ಯಾಯದಿಂದಲೇ ವರ್ತಿಸಬೇಕೆಂಬುದು ಪವಿತ್ರ ಕುರ್‌ಆನಿನ ಬೋಧನೆ. ಪರಸ್ಪರ ವಿರೋಧಿಗಳನ್ನೂ ಒಂದೇ ಕಾನೂನು ಜೈಲಿಗೆ ಕಳುಹಿಸಬಲ್ಲುದೆಂದು 1975 ತೋರಿಸಿಕೊಟ್ಟಿತು. ಆದುದರಿಂದ ಅನ್ಯಾಯವಾಗಿ ಬಂಧಿತನಾದವನು ಯಾವ ಧರ್ಮದವನೆಂದು ಕೇಳದೆ ನಾವು ಅವನ ಪರವಾಗಿ ನಿಲ್ಲಬೇಕು. ನಮ್ಮ ಮಕ್ಕಳು ವೈದ್ಯರೂ ಇಂಜಿನಿಯರರೂ ಆಗಲಿ, ಕೆಲವರಾದರೂ ವಕೀಲರಾಗಲಿ. ಪ್ರತಿಯೊಂದು ಮೊಹಲ್ಲಾದಲ್ಲಿ 22ನೆಯ ವಿಧಿಯನ್ನು ಬಲ್ಲ ನಾಲ್ವರು ಯುವಕ ಯುವತಿಯರಿರಲಿ. ಹಕ್ಕು ಏನೆಂದು ತಿಳಿದಿದ್ದರೆ ತಾನೇ ಅದನ್ನು ಕೇಳಿ ಪಡೆಯುವುದು?