ಬ್ಯಾಂಡ್ ಸೆಟ್ ಬಂದ ದಾರಿ

(ಸಂಘದ ಬೆಳ್ಳಿಹಬ್ಬ ಸಮಾರಂಭದಲ್ಲಿ ಮಾಡಿದ ಭಾಷಣ)



ಸಹಕಾರ ತತ್ವದ ಬಗ್ಗೆ ನಾಲ್ಕು ಮಾತಾಡಿ ಅಂತ ನನ್ನನ್ನು ಕರೆದರು. ಚೀಟಿ ಬರೆದುಕೊಂಡೂ ಬಂದಿದ್ದೆ. ಆದರೆ ಬೆಳಿಗ್ಗೆ ಮೆರವಣಿಗೆಯಲ್ಲಿ ನಮ್ಮ ಮುಂದೆ ನುಡಿಸುತ್ತ ಬಂದ ಬ್ಯಾಂಡ್ ಸೆಟ್ಟಿನವರನ್ನು ನೋಡಿದ ಮೇಲೆ ಆ ಚೀಟಿ ಜೇಬಿನಲ್ಲೇ ಉಳಿಯಿತು. ಬ್ಯಾಂಡಿನ ಕಥೆಯನ್ನೇ ಹೇಳುತ್ತೇನೆ. ಸಹಕಾರದ ಮಾತು ಅದರೊಳಗೇ ಬರುತ್ತೆ, ಗಾಬರಿಯಾಗಬೇಡಿ.

ಈ ಹಿತ್ತಾಳೆ ವಾದ್ಯಗಳು ನಮ್ಮ ದೇಶಕ್ಕೆ ಬಂದಿದ್ದು ಬ್ರಿಟಿಷರ ಪಲ್ಟಣದ ಜೊತೆ. ಇನ್ನೂರು ವರ್ಷಗಳ ಹಿಂದೆಯೇ ಮುತ್ತುಸ್ವಾಮಿ ದೀಕ್ಷಿತರಂಥವರು ಆ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಬರೆದರು. ನೊಟ್ಟುಸ್ವರ ಅಂತ ಅವನ್ನು ಮಕ್ಕಳಿಗೆ ಈಗಲೂ ಕಲಿಸುತ್ತಾರೆ. ಮೈಸೂರು ಅರಮನೆಯಲ್ಲಿ 1868ರಲ್ಲಿ ಬ್ಯಾಂಡ್ ಆಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಜರ್ಮನಿಯ ಆಟೋ ಷ್ಮಿಟ್ ಎಂಬುವರು ಅಲ್ಲಿ ವಾದ್ಯವೃಂದ ನಡೆಸಿದರು. ರಾಜ್ಯ ಹೋದ ಮೇಲೆ ಆ ಪರಂಪರೆ ಪೊಲೀಸ್ ಬ್ಯಾಂಡಿಗೆ ಬಂತು. ದಕ್ಷಿಣ ಕನ್ನಡದ ಒಬ್ಬ ನಾಗಸ್ವರದವರ ಮಗ ಮೈಸೂರಿನಲ್ಲಿ ಆ ಅರಮನೆ ಬ್ಯಾಂಡಿನ ಸ್ಯಾಕ್ಸೋಫೋನ್ ಕೇಳಿ ಮರುಳಾಗಿ, ಮುಂದೆ ಅದರಲ್ಲೇ ಕಚೇರಿ ಮಾಡಿದರು. 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರಾಮ್ಸ್ ಉತ್ಸವದಲ್ಲೂ ನುಡಿಸಿ ಬಂದರು. ಅವರೇ ಕದ್ರಿ ಗೋಪಾಲನಾಥ್. 2019ರಲ್ಲಿ ತೀರಿಕೊಂಡರು.

ಇದು ಅರಮನೆಯ ಕಡೆಯ ಕಥೆ. ಬೀದಿಯ ಕಡೆಯದು ಬೇರೆ.

ನಮ್ಮ ಹೊಳೆಹೊನ್ನೂರಿನಲ್ಲಿ ದೇವರ ಕಾರ್ಯಕ್ಕೆ, ಧಾರೆಗೆ ವಾಲಗ; ಗಂಡಿನ ಮೆರವಣಿಗೆಗೆ ಬ್ಯಾಂಡ್. ಹತ್ತು ಜನ ಇದ್ದರೆ ಅದು ದೊಡ್ಡ ಸೆಟ್. ಕ್ಲಾರಿಯೋನೆಟ್ ಹಾಡು ಹಿಡಿಯಬೇಕು, ಟ್ರಂಪೆಟ್ ಅದಕ್ಕೆ ಮೆರುಗು ಕೊಡಬೇಕು, ಯೂಫೋನಿಯಂ ಕೆಳಗಿನಿಂದ ತುಂಬಬೇಕು, ಸೈಡ್ ಡ್ರಮ್ಮು, ದೊಡ್ಡ ಡ್ರಮ್ಮು ನಡಿಗೆ ಹಿಡಿದಿಡಬೇಕು. ಇವರಿಗೆ ಸ್ವರ ಬರೆದುಕೊಟ್ಟವರು ಯಾರು? ಯಾರೂ ಇಲ್ಲ. ಭದ್ರಾವತಿ ಆಕಾಶವಾಣಿಯೇ ಇವರ ಗುರು. 1965ರಲ್ಲಿ ಆ ಕೇಂದ್ರ ಬಂದಿತಲ್ಲ, ಹೋಟೆಲಿನ ರೇಡಿಯೋ ಮುಂದೆ ನಿಂತು ಚಿತ್ರಗೀತೆ ಕಲಿಯುತ್ತಿದ್ದರು. ರೇಡಿಯೋದಲ್ಲಿ ಹಾಡು ಒಂದೇ ಸಲ ಬರೋದು, ಇನ್ನೊಂದು ಸಲ ಹಾಕಪ್ಪಾ ಅನ್ನೋ ಹಾಗಿಲ್ಲ. ಅದಕ್ಕೆ ಪಾಲು ಹಂಚಿಕೊಳ್ಳುತ್ತಿದ್ದರು. ಪಲ್ಲವಿ ನೀನು ಹಿಡಿ, ಚರಣ ನಾನು ಹಿಡೀತೀನಿ, ಮಧ್ಯದ ಮ್ಯೂಸಿಕ್ಕು ಅವನು. ರಾತ್ರಿ ಮೂವರೂ ಕೂತು ಜೋಡಿಸಿದರೆ ಹಾಡು ಪೂರ್ತಿ. ಹೊಳೆ ದಂಡೆಯಲ್ಲಿ ಅವರು ಹೀಗೆ ತಾಲೀಮು ಮಾಡೋದನ್ನ ಕೇಳುತ್ತ ನಾನು ಎಷ್ಟೋ ಸಲ ಸ್ಕೂಲಿನ ಲೆಕ್ಕ ಮರೆತಿದ್ದೇನೆ.

ಮದುವೆ ತಿಂಗಳು ಕಳೆದರೆ ಆಷಾಢ. ಬ್ಯಾಂಡಿಗೆ ಕೆಲಸವಿಲ್ಲ. ಗದ್ದೆಯಲ್ಲಿ ನಾಟಿಗೆ ಹೋಗುತ್ತಿದ್ದರು. ತಿಂಗಳುಗಟ್ಟಲೆ ಊದದಿದ್ದರೆ ತುಟಿಯ ಪಳಗು ಹೋಗುತ್ತೆ, ಮತ್ತೆ ಹದಕ್ಕೆ ಬರಲು ದಿನ ಹಿಡಿಯುತ್ತೆ. ಹೊಸ ವಾದ್ಯ ಬೇಕೆಂದರೆ ಉತ್ತರ ಪ್ರದೇಶದ ಮೀರತ್‌ನಿಂದ ಬರಬೇಕು. ಅಲ್ಲಿನ ಜಾಲಿ ಕೋಠಿ ಎಂಬ ಬೀದಿಯಲ್ಲಿ ದೇಶಕ್ಕೆಲ್ಲ ಬ್ಯಾಂಡ್ ಸಾಮಾನು ಮಾಡುತ್ತಾರೆ. ಊದುವವನ ಕೈಯಲ್ಲಿ ಅಷ್ಟು ದುಡ್ಡೆಲ್ಲಿ? ವಾದ್ಯ ಕೊಂಡವನು ಯಜಮಾನ, ಊದುವವನು ಆಳು. ಆಷಾಢದಲ್ಲಿ ಯಜಮಾನನ ಹತ್ತಿರ ಮುಂಗಡ ತಗೋಬೇಕು, ಮಾಘ ವೈಶಾಖದಲ್ಲಿ ಊದಿ ತೀರಿಸಬೇಕು. ತೀರುತ್ತಿತ್ತೇ? ನೀವೇ ಹೇಳಿ.

ಈಗ ಸಹಕಾರಕ್ಕೆ ಬಂದೆ. 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ್ದು ರೈತ ಇಂಥ ಬಡ್ಡಿ, ಮುಂಗಡದಿಂದ ಬಿಡಿಸಿಕೊಳ್ಳಲಿ ಅಂತಲೇ. ನಮ್ಮ ಸಂಘ ಶುರುವಾದ ಹೊಸದರಲ್ಲಿ ನಾನೂ ಒಬ್ಬ ನಿರ್ದೇಶಕ. ಆಗ ಬ್ಯಾಂಡಿನ ನಾಲ್ಕು ಜನ ಒಂದು ಅರ್ಜಿ ತಂದರು. ಎರಡು ಟ್ರಂಪೆಟ್ಟು, ಒಂದು ಕ್ಲಾರಿಯೋನೆಟ್ಟು ಕೊಳ್ಳಲು ಸಾಲ ಕೊಡಿ, ನಾವೇ ಸೇರಿ ಸೆಟ್ ನಡೆಸುತ್ತೇವೆ, ನಾಲ್ಕು ಜನವೂ ಒಬ್ಬರಿಗೊಬ್ಬರು ಜಾಮೀನು ಅಂದರು. ಪಹಣಿ ಎಲ್ಲಿ ಅಂತ ನಾವು ಕೇಳಿದೆವು. ಅವರಲ್ಲಿ ಹಿರಿಯ, "ಪಹಣಿ ಇದ್ದಿದ್ರೆ ಕಹಳೆ ಯಾಕೆ ಊದ್ತಿದ್ವಿ ಸ್ವಾಮಿ" ಅಂದ. ಎಲ್ಲರೂ ನಕ್ಕೆವು. "ಎಮ್ಮೆ ತಂದ್ರೆ ಹಾಲಾದ್ರೂ ಕೊಡುತ್ತೆ, ಕಹಳೆ ಏನು ಕೊಡುತ್ತೆ" ಅಂತ ಕೇಳಿ ಇನ್ನಷ್ಟು ನಗಿಸಿದವನು ನಾನೇ. ಅರ್ಜಿ ಬದಿಗೆ ಹೋಯಿತು.

ಆ ಸೆಟ್ ಎರಡು ಮೂರು ವರ್ಷದಲ್ಲಿ ಚದುರಿತು. ಒಬ್ಬ ಲಗೇಜ್ ಆಟೋ ಓಡಿಸಿದ, ಒಬ್ಬ ಅಡಿಕೆ ಸುಲಿಯಲು ಹೋದ. ಆಮೇಲೆ ಡಿ.ಜೆ. ಬಂತು. 2020, 2021ರಲ್ಲಿ ಕೊರೋನಾ ಬಂದು ಮದುವೆ ಮೆರವಣಿಗೆಯೇ ನಿಂತಿತು. ಡಿ.ಜೆ.ಯಿಂದ ಬ್ಯಾಂಡ್ ಹಾಳಾಯಿತು ಅಂತ ನಾವೆಲ್ಲ ಹೇಳುತ್ತೇವೆ, ಹಾಗೆ ಹೇಳೋದು ಸುಲಭ. ನಮ್ಮೂರ ಸೆಟ್ಟು ಡಿ.ಜೆ. ಬರುವ ಮುಂಚೆಯೇ ಹೋಗಿತ್ತು. ಅದು ನನಗೆ ಗೊತ್ತು.

ಇವತ್ತು ಬೆಳಿಗ್ಗೆ ಬಂದವರು ಭದ್ರಾವತಿ ಕಡೆಯ ಸೆಟ್ಟಿನವರು, ಆರೇ ಜನ. ದೊಡ್ಡ ಡ್ರಮ್ ಹೊತ್ತಿದ್ದ ಹುಡುಗನನ್ನು ಯಾರ ಪೈಕಿ ಅಂತ ಕೇಳಿದೆ. ಅರ್ಜಿ ತಂದಿದ್ದ ಆ ಹಿರಿಯನ ಮೊಮ್ಮಗ. ಅಜ್ಜನ ಕ್ಲಾರಿಯೋನೆಟ್ ಕಲಿಯಲಿಲ್ಲವೇನಪ್ಪಾ ಅಂದೆ. "ಅದು ಯಜಮಾನ್ರ ಹತ್ರ ಉಳೀತು ಸಾರ್" ಅಂದ.

ಈ ಸಾಲಿನ ಸಾಲದ ಪಟ್ಟಿಯಲ್ಲಿ ವಾದ್ಯಕ್ಕೂ ಒಂದು ಕಲಂ ಸೇರಿಸಬೇಕೆಂದು ಆಡಳಿತ ಮಂಡಳಿಯನ್ನು ಕೋರುತ್ತೇನೆ. ಜಾಮೀನಿಗೆ ನನ್ನ ಪಹಣಿ ಕೊಡುತ್ತೇನೆ. ಆ ಆರು ಜನ ಇನ್ನೂ ಶಾಮಿಯಾನದ ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದಾರೆ. ಅವರ ಊಟ ಆಯಿತೇ ಅಂತ ಕಾರ್ಯದರ್ಶಿಯವರು ದಯವಿಟ್ಟು ವಿಚಾರಿಸಬೇಕು.