ಬೆಳ್ಳಿ ಪಾತ್ರೆಯ ತಳ ತಿರುಗಿಸಿ ನೋಡಿ



ಕಡೂರು, ತರೀಕೆರೆ, ಅಜ್ಜಂಪುರದ ಹಳೆಯ ಮನೆಗಳಲ್ಲಿ ಬೆಳ್ಳಿ ಎಂದರೆ ದೇವರ ಮನೆಯ ಪಂಚಪಾತ್ರೆ, ಲಿಂಗವಂತರ ಕೊರಳಿನ ಕರಡಿಗೆ, ಬೀಗರಿಗೆ ನೀರು ಕೊಡುವ ಲೋಟ, ಅಳಿಯನಿಗೆ ಇಡುವ ತಟ್ಟೆ. ಅಡಿಕೆಗೋ ಕೊಬ್ಬರಿಗೋ ಒಳ್ಳೆಯ ಧಾರಣೆ ಸಿಕ್ಕ ವರ್ಷ ಮಾಡಿಸಿದ್ದು, ಬೆಳೆ ಕೈಕೊಟ್ಟ ವರ್ಷ ಗಿರವಿ ಅಂಗಡಿ ಸೇರುತ್ತದೆ. ಅಲ್ಲಿನ ತಕ್ಕಡಿಗೆ ತೂಕ ಗೊತ್ತು, ಕೆಲಸಗಾರಿಕೆ ಗೊತ್ತಿಲ್ಲ. ಹಳೆಯದನ್ನು ಕೊಟ್ಟು ಹೊಸದು ತರುವ ಮುನ್ನ ಒಮ್ಮೆ ಅದರ ತಳ ತಿರುಗಿಸಿ ನೋಡಿ.

ಇದು ಕಾಫಿ ತೋಟಗಳಲ್ಲಿ ಇಂಗ್ಲಿಷರು ನೆಲೆಸಿದ್ದ ಜಿಲ್ಲೆ. 1947ರವರೆಗೆ ಅದರ ಹೆಸರೇ ಕಡೂರು ಜಿಲ್ಲೆ. ವಿಲಾಯಿತಿ ಚಮಚವೊಂದು ಯಾರದೋ ಪೆಟ್ಟಿಗೆಯಲ್ಲಿ ಸಿಕ್ಕರೆ ಆಶ್ಚರ್ಯವಿಲ್ಲ. ನಡೆಯುವ ಸಿಂಹದ ಮುದ್ರೆಯಿದ್ದರೆ ಅದು ಇಂಗ್ಲೆಂಡಿನ ‘ಸ್ಟರ್ಲಿಂಗ್’: ಸಾವಿರ ಪಾಲಿನಲ್ಲಿ 925 ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಅಪ್ಪಟ ಬೆಳ್ಳಿ ಮೆದು; ಚಮಚ ಬಾಗದಿರಲೆಂದು ಈ ಬೆರಕೆ. ಪಕ್ಕದಲ್ಲಿ ಲಂಗರು ಕಂಡರೆ ಬರ್ಮಿಂಗ್‌ಹ್ಯಾಮ್, ಚಿರತೆಯ ತಲೆ ಕಂಡರೆ ಲಂಡನ್. ‘ಇ.ಪಿ.ಎನ್.ಎಸ್.’ ಎಂದಿದ್ದರೆ ಮಾತ್ರ ಆಸೆ ಬೇಡ, ಅದು ಬೆಳ್ಳಿ ನೀರು ಕೊಟ್ಟ ನಿಕ್ಕಲ್ ಮಿಶ್ರಲೋಹ.

ಊರಿನ ಅಕ್ಕಸಾಲಿಗರ ಪಾತ್ರೆಗೆ ಇಂಥ ಮುದ್ರೆ ಅಪರೂಪ. ಒರೆಗಲ್ಲು ಮತ್ತು ನಂಬಿಕೆ, ಇವೆರಡೇ ಪ್ರಮಾಣ. ತೂಕಕ್ಕೆ ಬೆಳ್ಳಿ ರೂಪಾಯಿ: 1 ತೊಲ, ಅಂದರೆ 11.66 ಗ್ರಾಂ. ಅದರಲ್ಲಿ ಹನ್ನೆರಡಕ್ಕೆ ಹನ್ನೊಂದು ಪಾಲು ಬೆಳ್ಳಿ, ಸ್ಟರ್ಲಿಂಗ್‌ಗಿಂತ ತುಸುವೇ ಕಡಿಮೆ. ರೂಪಾಯಿಗಳನ್ನೇ ಕರಗಿಸಿ ಪಾತ್ರೆ ಮಾಡಿಸಿದವರುಂಟು. 1940ರಲ್ಲಿ ಸರ್ಕಾರ ಬೆಳ್ಳಿಯನ್ನು ಅರ್ಧಕ್ಕಿಳಿಸಿತು. 1947ರ ರೂಪಾಯಿ ಪೂರಾ ನಿಕ್ಕಲ್ಲಿನದು.

ಇನ್ನು ಕೆಲಸಗಾರಿಕೆ. ಬಡಿದಷ್ಟೂ ಬೆಳ್ಳಿ ಬಿರುಸಾಗುತ್ತದೆ, ಮತ್ತೂ ಬಡಿದರೆ ಸೀಳುತ್ತದೆ. ಹಾಗಾಗಿ ಕೆಂಪಗೆ ಕಾಸಿ, ಆರಿಸಿ, ಪುನಃ ಬಡಿಯಬೇಕು. ಒಂದು ಚೊಂಬಿಗೆ ಎಷ್ಟೋ ಸಲ. ಹೂಬಳ್ಳಿ ಮೂಡಿಸಲು ಒಳಗೆ ಅರಗು ತುಂಬಿ ಹೊರಗಿನಿಂದ ಚಾಣ ಹಿಡಿದು ತಟ್ಟುತ್ತಾರೆ. ಪೆಟ್ಟನ್ನು ಅರಗು ನುಂಗಿಕೊಳ್ಳುತ್ತದೆ, ತಗಡು ಹರಿಯುವುದಿಲ್ಲ. ಅಚ್ಚಿನಲ್ಲಿ ಒತ್ತಿದ ಪಾತ್ರೆಯಲ್ಲಿ ಎಲೆಗಳೆಲ್ಲ ಒಂದೇ ಥರ. ಕೈಯಲ್ಲಿ ತಟ್ಟಿದ್ದರಲ್ಲಿ ಒಂದರಂತೆ ಇನ್ನೊಂದಿಲ್ಲ.

ಕಪ್ಪಾಯಿತೆಂದು ಗಾಬರಿ ಬೇಡ, ಅದು ಗಾಳಿಯಲ್ಲಿರುವ ಗಂಧಕದ ಕೆಲಸ. ವಿಭೂತಿ ಹಚ್ಚಿ ಮೆತ್ತನೆಯ ಬಟ್ಟೆಯಲ್ಲಿ ಒರೆಸಿದರೆ ಸಾಕು. ಹಬ್ಬ ಬಂತೆಂದು ಉಜ್ಜಿ ಉಜ್ಜಿ ಹೂವಿನ ದಳವನ್ನೇ ಸವೆಸಿದವರಿದ್ದಾರೆ!

ಕೆಲವು ಪಾತ್ರೆಗಳ ಅಂಚಿನಲ್ಲಿ ಚುಕ್ಕಿಚುಕ್ಕಿಯಾಗಿ ಹೊಡೆದ ಹೆಸರಿರುತ್ತದೆ. ಮುತ್ತಜ್ಜಿಯ ಹೆಸರು ಮನೆಯ ಬೇರಾವ ಕಾಗದದಲ್ಲೂ ಇಲ್ಲದಿರಬಹುದು. ಮೂಸೆಗೆ ಹಾಕಿದರೆ ಅದೂ ಹೋಯಿತು. ಕಷ್ಟ ಬಂದಾಗ ಮಾರದೆ ವಿಧಿಯಿಲ್ಲ. ಆದರೆ ಕೊಡುವ ಮುನ್ನ ಆ ಹೆಸರು, ಮುದ್ರೆ, ತೂಕ ಮೂರನ್ನೂ ಬರೆದಿಟ್ಟುಕೊಂಡು ಒಂದು ಫೋಟೊ ತೆಗೆದಿಡಬಹುದಲ್ಲ.